ಲಂಬಾಣಿ ಬಲ್ಲವರು ಯಾರಿದ್ದೀರಿ?



ಮೂವತ್ತು ವರ್ಷ ಕೋರ್ಟಿನಲ್ಲಿ ನೌಕರಿ ಮಾಡಿ ನಿವೃತ್ತನಾದವನು ನಾನು. ಅದರಲ್ಲಿ ಹೆಚ್ಚಿನ ಕಾಲ ಬೆಂಚ್ ಕ್ಲರ್ಕ್. ಸಾಹೇಬರ ಪೀಠದ ಕೆಳಗೆ, ಫೈಲುಗಳ ಒಟ್ಟಲಿನ ಹಿಂದೆ ಕೂತು ಸಾಕ್ಷಿಗಳಿಗೆ ಪ್ರಮಾಣ ಮಾಡಿಸುವ ಕೆಲಸ. ಆ ಕುರ್ಚಿಗೆ ಒಂದು ಅನುಕೂಲವಿದೆ. ಅಲ್ಲಿಂದ ಎಲ್ಲರ ಮುಖ ಕಾಣುತ್ತದೆ, ನಮ್ಮ ಮುಖವನ್ನು ಮಾತ್ರ ಯಾರೂ ನೋಡುವುದಿಲ್ಲ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ವಿಜಾಪುರದ ಹತ್ತಿರ ತಿಕೋಟಾ ಕಡೆಯ ಒಂದು ಲಂಬಾಣಿ ತಾಂಡಾದಿಂದ ಒಬ್ಬ ಹೆಣ್ಣುಮಗಳು ಸಾಕ್ಷಿ ಹೇಳಲು ಬಂದಿದ್ದಳು. ರಾತ್ರಿ ಮನೆಗೆ ನುಗ್ಗಿ ಬಡಿದು ಹೋದ ಪ್ರಕರಣ. ದಲಾಯತ ಮೂರು ಸಲ ಪುಕಾರು ಮಾಡಿದ, ಆಕೆ ಸೆರಗು ಸರಿಮಾಡಿಕೊಂಡು ಕಟಕಟೆ ಏರಿದಳು. ನಾನು ಪ್ರಮಾಣ ಹೇಳಿಸಲು ಹೋದರೆ ನನ್ನ ಮುಖವನ್ನೇ ನೋಡುತ್ತ ನಿಂತಳು. ಕನ್ನಡ ಬರುತ್ತಿರಲಿಲ್ಲ ಎಂದಲ್ಲ. ಸಂತೆಯ ಕನ್ನಡ ಬರುತ್ತಿತ್ತು, ಕೋರ್ಟಿನ ಕನ್ನಡ ಬರುತ್ತಿರಲಿಲ್ಲ. ಸಾಹೇಬರು ಮೈಸೂರು ಸೀಮೆಯವರು. ತಲೆ ಎತ್ತಿ, ‘ಲಂಬಾಣಿ ಬಲ್ಲವರು ಯಾರಿದ್ದೀರಿ?’ ಎಂದು ಕೇಳಿದರು. ಬೈಕಿನ ದಂಡ ಕಟ್ಟಲು ಬಂದು ಬಾಗಿಲಲ್ಲಿ ಕಾಯುತ್ತಿದ್ದ ಒಬ್ಬ ಹುಡುಗ ಕೈ ಎತ್ತಿದ. ಆಯಿತು, ಅವನೇ ದುಭಾಷಿ.

ಸರ್ಕಾರಿ ವಕೀಲರು ಕೇಳಿದರು: ‘ಅವತ್ತು ರಾತ್ರಿ ಮನೆಯಲ್ಲಿ ಬೆಳಕಿತ್ತೇ?’ ಹುಡುಗ ಅದನ್ನು ಲಂಬಾಣಿಯಲ್ಲಿ ಕೇಳಿದ. ಆಕೆ ಒಂದು ನಿಮಿಷ ಹೇಳಿದಳು. ನಡುವೆ ರೊಟ್ಟಿ ಬಡಿಯುವ ಹಾಗೆ ಎರಡೂ ಅಂಗೈ ಆಡಿಸಿದಳು, ಬಾಗಿಲ ಕಡೆ ಬೆರಳು ತೋರಿಸಿದಳು. ಹುಡುಗ ಸಾಹೇಬರ ಕಡೆ ತಿರುಗಿ, ‘ಕರೆಂಟ್ ಹೋಗಿತ್ತಂತ್ರೀ’ ಎಂದ. ಬೆರಳಚ್ಚುಗಾರ ಕುಟ್ಟಿದ: ಘಟನೆಯ ಸಮಯದಲ್ಲಿ ಮನೆಯಲ್ಲಿ ವಿದ್ಯುತ್ ಇರಲಿಲ್ಲ. ಎದುರು ವಕೀಲರ ಮುಖ ಅರಳಿತು. ಕತ್ತಲಲ್ಲಿ ಆರೋಪಿಯನ್ನು ಹೇಗೆ ಗುರುತಿಸಿದೆ ಎಂಬ ಪಾಟೀಸವಾಲು ಆಗಲೇ ಅವರ ನಾಲಿಗೆಯ ತುದಿಗೆ ಬಂದಿತ್ತು.

ನಾನು ತಿಕೋಟಾದವನು. ಸಣ್ಣವನಿದ್ದಾಗ ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದ ತಾಂಡಾದವರ ಮಕ್ಕಳ ಜೊತೆ ಆಡಿ, ಅವರ ಗೋರ್ ಬೋಲಿ, ಅಂದರೆ ಲಂಬಾಣಿ ಮಾತು, ಅಷ್ಟಿಷ್ಟು ಕಿವಿಗೆ ಹತ್ತಿತ್ತು. ಆಕೆಯ ಮಾತಿನಲ್ಲಿ ‘ಚೂಲೊ’ ಎಂಬ ಶಬ್ದ ಎರಡು ಸಲ ಬಂದದ್ದು ನನಗೆ ಕೇಳಿಸಿತ್ತು. ಚೂಲೊ ಎಂದರೆ ಒಲೆ. ಕರೆಂಟ್ ಹೋಗಿತ್ತು, ಒಲೆ ಉರಿಯುತ್ತಿತ್ತು, ರೊಟ್ಟಿ ಮಾಡುತ್ತ ಕೂತಿದ್ದೆ, ಅವನು ಬಾಗಿಲಲ್ಲಿ ನಿಂತಾಗ ಆ ಉರಿಯ ಬೆಳಕು ಅವನ ಮುಖದ ಮೇಲಿತ್ತು. ಆಕೆ ಹೇಳಿದ್ದು ಅದು. ಹುಡುಗ ಸುಳ್ಳು ಹೇಳಲಿಲ್ಲ, ಸಾರಾಂಶ ಹೇಳಿದ. ಆ ಸಾರಾಂಶದಲ್ಲಿ ಒಲೆ ಆರಿಹೋಯಿತು.

ನಾನು ಆ ಕ್ಷಣ ಏಳಲಿಲ್ಲ. ಬೆಂಚ್ ಕ್ಲರ್ಕ್ ಎದ್ದು ಸಾಕ್ಷಿಯ ಮಾತು ತಿದ್ದುವ ಪದ್ಧತಿ ಇಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಚೇಂಬರಿಗೆ ಹೋಗಿ ಹೇಳಿದೆ. ಸಾಹೇಬರು ಒಳ್ಳೆಯವರು, ಸಿಟ್ಟಾಗಲಿಲ್ಲ. ‘ಆ ಹುಡುಗನಿಗೆ ಪ್ರಮಾಣ ಮಾಡಿಸಿದ್ದಿರಾ?’ ಎಂದು ಮಾತ್ರ ಕೇಳಿದರು. ಮಾಡಿಸಿರಲಿಲ್ಲ. ಅದು ನನ್ನದೇ ಕೆಲಸವಾಗಿತ್ತು. ಮಧ್ಯಾಹ್ನದ ಮೇಲೆ ತಾಂಡಾದ ಶಾಲೆಯಲ್ಲಿ ಕೆಲಸ ಮಾಡಿದ್ದ ಮಾಸ್ತರರೊಬ್ಬರನ್ನು ಕರೆಸಿ, ವಿಧಿಪೂರ್ವಕ ಪ್ರಮಾಣ ಮಾಡಿಸಿ, ಎರಡೂ ಕಡೆಯ ವಕೀಲರ ಎದುರು ಅದೇ ಪ್ರಶ್ನೆ ಮತ್ತೆ ಕೇಳಿಸಲಾಯಿತು. ಒಲೆ ದಾಖಲೆಗೆ ಬಂತು. ಕೇಸಿನ ತೀರ್ಪು ಬರುವ ಹೊತ್ತಿಗೆ ನನಗೆ ಬೇರೆ ಕಡೆ ವರ್ಗವಾಗಿತ್ತು.

ಇವತ್ತು ಆಕಾಶವಾಣಿಯವರು ನನಗೆ ಕೊಟ್ಟ ವಿಷಯ, ನ್ಯಾಯಾಲಯದಲ್ಲಿ ಪರಭಾಷೆಯ ಪ್ರಮಾಣಿತ ದುಭಾಷಿಯಾಗುವುದು. ಪರಭಾಷೆ ಎಂದೊಡನೆ ಫ್ರೆಂಚು, ಜರ್ಮನ್, ಗೋಳಗುಮ್ಮಟ ನೋಡಲು ಬಂದ ಪ್ರವಾಸಿ ನೆನಪಾಗುವುದು ಸಹಜ. ಅಂಥವರ ಪಾಸ್‌ಪೋರ್ಟ್ ಕಳೆದರೆ, ಕ್ಯಾಮೆರಾ ಕಳುವಾದರೆ ಅವರೂ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಬಹುದು. ಆದರೆ ಕಟಕಟೆಯಲ್ಲಿ ನಿಂತವರಿಗೆ ಯಾವ ಭಾಷೆ ತಿಳಿಯುವುದಿಲ್ಲವೋ ಅದೇ ಅವರಿಗೆ ವಿದೇಶಿ ಭಾಷೆ. ಆ ಲೆಕ್ಕದಲ್ಲಿ ಆ ಹೆಣ್ಣುಮಗಳಿಗೆ ಕೋರ್ಟೇ ಒಂದು ಪರದೇಶವಾಗಿತ್ತು. ಗೋರ್ ಬೋಲಿಯಲ್ಲಿ ತಮ್ಮವರಿಗೆ ‘ಗೋರ್’ ಎಂದೂ ನಮ್ಮಂಥ ಹೊರಗಿನವರಿಗೆ ‘ಕೋರ್’ ಎಂದೂ ಹೆಸರಿದೆ. ಆವತ್ತು ಆ ಕೋಣೆಯಲ್ಲಿ ಇದ್ದವರೆಲ್ಲ ಕೋರ್‌ಗಳೇ.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 279ನೇ ಕಲಮು, ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅವನಿಗೆ ತಿಳಿಯುವ ಭಾಷೆಯಲ್ಲಿ, ತೆರೆದ ನ್ಯಾಯಾಲಯದಲ್ಲೇ ಅದನ್ನು ವಿವರಿಸಬೇಕು ಎಂದಿತ್ತು. 282ನೇ ಕಲಮು ದುಭಾಷಿಯಾದವನು ಸತ್ಯವಾದ ಭಾಷಾಂತರವನ್ನೇ ಹೇಳಲು ಬದ್ಧ ಎಂದಿತ್ತು. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಅದರಲ್ಲಿ ಇವೇ ಮಾತು 314 ಮತ್ತು 317ನೇ ಕಲಮುಗಳಲ್ಲಿವೆ. 1969ರ ಪ್ರಮಾಣವಚನ ಕಾಯ್ದೆ ಸಾಕ್ಷಿಯಂತೆ ದುಭಾಷಿಯೂ ಪ್ರಮಾಣ ಮಾಡಬೇಕೆಂದು ಹೇಳಿ, ಅವನಿಗಾಗಿ ಬೇರೆಯದೇ ಒಂದು ವಚನವನ್ನು ಅನುಸೂಚಿಯಲ್ಲಿ ಕೊಟ್ಟಿದೆ. ಆವತ್ತು ನಾನು ಮರೆತದ್ದು ಆ ವಚನವನ್ನು.

ಇಂಥ ಮರೆವಿನ ಬೆಲೆ ಏನೆಂಬುದಕ್ಕೆ 2012ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ರಾಜಸ್ಥಾನ ಸರ್ಕಾರ ಮತ್ತು ದರ್ಶನ್ ಸಿಂಗ್ ನಡುವಿನ ಪ್ರಕರಣ ನೋಡಬೇಕು. ಕೊಲೆಯ ಕೇಸು. ಮುಖ್ಯ ಸಾಕ್ಷಿ ಕಿವಿ ಕೇಳದ, ಮಾತು ಬಾರದ ಹೆಣ್ಣುಮಗಳು. ಆಕೆಯ ಸನ್ನೆಗಳನ್ನು ಕೆಳಗಿನ ಕೋರ್ಟಿನಲ್ಲಿ ಆಕೆಯ ಕಡೆಯವರೇ ಬಿಡಿಸಿ ಹೇಳಿದ್ದರು. ಪ್ರಮಾಣ ಮಾಡಿಸಿರಲಿಲ್ಲ. ಆ ಸಾಕ್ಷ್ಯವನ್ನು ಸರ್ವೋಚ್ಚ ನ್ಯಾಯಾಲಯ ನೆಚ್ಚಲಿಲ್ಲ. ದುಭಾಷಿ ಅದೇ ಪರಿಸರದವನಾಗಿದ್ದರೆ ಒಳ್ಳೆಯದು, ಆದರೆ ಪ್ರಕರಣದಲ್ಲಿ ಅವನಿಗೆ ಸ್ವಂತ ಆಸಕ್ತಿ ಇರಕೂಡದು, ಪ್ರಮಾಣ ಮಾಡಿಯೇ ಮಾತಾಡಬೇಕು ಎಂಬುದು ಆ ತೀರ್ಪಿನ ತಾತ್ಪರ್ಯ. ಅದಕ್ಕೂ ಹಿಂದೆ, 1962ರಲ್ಲಿ, ಹರಿಕಿಸನ್ ಎಂಬವರ ಪ್ರಕರಣದಲ್ಲಿ ಇಂಗ್ಲಿಷ್ ಬಾರದವರಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟು ಕೈತೊಳೆದುಕೊಂಡದ್ದನ್ನು ಇದೇ ನ್ಯಾಯಾಲಯ ಒಪ್ಪಲಿಲ್ಲ. ಕಾಗದ ಕೈಗೆ ಕೊಟ್ಟರೆ ಸಾಲದು, ತಿಳಿಯುವ ಹಾಗೆ ಕೊಡಬೇಕು.

ಹಾಗಾದರೆ ಈ ದುಭಾಷಿ ಏನು ಓದಿರಬೇಕು, ಯಾವ ಪರೀಕ್ಷೆ ಪಾಸಾಗಿರಬೇಕು? ಸಂಹಿತೆಯಲ್ಲಿ ಅದರ ಮಾತಿಲ್ಲ. ಇಡೀ ದೇಶಕ್ಕೆ ಅನ್ವಯಿಸುವ ಅಂಥ ಪರೀಕ್ಷೆ ನಮ್ಮಲ್ಲಿಲ್ಲ. ಅಮೆರಿಕದಲ್ಲಿ 1978ರಲ್ಲೇ ಕೇಂದ್ರ ನ್ಯಾಯಾಲಯಗಳ ದುಭಾಷಿಗಳಿಗಾಗಿ ಕಾಯ್ದೆ ಬಂತು. ಸ್ಪ್ಯಾನಿಷ್ ಭಾಷೆಯ ದುಭಾಷಿ ಮೊದಲು ಬರಹದ ಪರೀಕ್ಷೆ, ಆಮೇಲೆ ಬಾಯಿ ಪರೀಕ್ಷೆ ದಾಟಬೇಕು. ಬಾಯಿ ಪರೀಕ್ಷೆಯಲ್ಲಿ ಮೂರು ಬಗೆ. ಕಾಗದ ನೋಡುತ್ತ ನೋಡುತ್ತ ಇನ್ನೊಂದು ಭಾಷೆಯಲ್ಲಿ ಓದುವುದು ಒಂದು. ಸಾಕ್ಷಿ ಹೇಳಿ ನಿಲ್ಲಿಸಿದ ಮೇಲೆ ಹೇಳುವುದು ಇನ್ನೊಂದು. ಮಾತಾಡುವವನು ಮಾತಾಡುತ್ತಿರುವಾಗಲೇ ಅವನ ಹಿಂದೆ ಹಿಂದೆಯೇ ಹೇಳುತ್ತ ಹೋಗುವುದು ಮೂರನೆಯದು. ಆಸ್ಟ್ರೇಲಿಯಾ 1977ರಲ್ಲೇ ಭಾಷಾಂತರಕಾರರಿಗೆ, ದುಭಾಷಿಗಳಿಗೆ ಮಾನ್ಯತೆ ಕೊಡುವ ಒಂದು ರಾಷ್ಟ್ರೀಯ ಸಂಸ್ಥೆ ಕಟ್ಟಿತು. ಮಾತಿನ ಹಿಂದೆ ಹಿಂದೆಯೇ ಹೇಳುವ ಆ ಮೂರನೆಯ ಬಗೆ ಕೋರ್ಟಿನಲ್ಲಿ ದೊಡ್ಡ ಪ್ರಮಾಣದಲ್ಲಿ ಮೊದಲು ನಡೆದದ್ದು 1945ರ ನವೆಂಬರಿನಲ್ಲಿ ಶುರುವಾದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ. ಇಂಗ್ಲಿಷು, ಫ್ರೆಂಚು, ರಷ್ಯನ್, ಜರ್ಮನ್, ನಾಲ್ಕು ಭಾಷೆ ಒಟ್ಟಿಗೆ. ಮಾತಾಡುವವರ ವೇಗ ಹೆಚ್ಚಾದರೆ ದುಭಾಷಿಗಳು ಹಳದಿ ದೀಪ ಹೊತ್ತಿಸುತ್ತಿದ್ದರು, ನಿಧಾನ ಎಂದರ್ಥ. ಕೆಂಪು ದೀಪ ಹೊತ್ತಿದರೆ ನಿಲ್ಲಿಸು ಎಂದರ್ಥ. ನಮ್ಮ ಕೆಲವು ವಕೀಲರ ಪಾಟೀಸವಾಲು ಕೇಳುವಾಗ ಆ ಕೆಂಪು ದೀಪ ನನ್ನ ಮೇಜಿನ ಮೇಲೆ ಇರಬಾರದಿತ್ತೇ ಎಂದು ಎಷ್ಟೋ ಸಲ ಅನಿಸಿದೆ.

ಪರೀಕ್ಷೆ ಇಲ್ಲ, ನಿಜ. ಆದರೆ ನಮ್ಮ ವಿಜಾಪುರಕ್ಕೆ ಈ ಕೆಲಸ ಹೊಸದಲ್ಲ. ಆದಿಲ್‌ಶಾಹಿ ಫರ್ಮಾನುಗಳಲ್ಲಿ ಫಾರಸಿಯ ಜೊತೆಗೆ ಮರಾಠಿ ಒಕ್ಕಣೆಯೂ ಇರುವಂಥವು ಸಿಗುತ್ತವೆ. 1534ರಲ್ಲಿ ಪಟ್ಟಕ್ಕೆ ಬಂದ ಒಂದನೇ ಇಬ್ರಾಹಿಂ ಲೆಕ್ಕಪತ್ರಗಳನ್ನು ಫಾರಸಿಯಿಂದ ದೇಶೀ ಭಾಷೆಗೆ ತಿರುಗಿಸಿದನೆಂದು ವಿಜಾಪುರದಲ್ಲೇ ಕೂತು ಇತಿಹಾಸ ಬರೆದ ಫರಿಶ್ತಾ ಹೇಳುತ್ತಾನೆ. ಅತ್ತ 1510ರಲ್ಲಿ ಆದಿಲ್‌ಶಾಹಿಯಿಂದ ಗೋವಾ ಕಿತ್ತುಕೊಂಡ ಪೋರ್ಚುಗೀಸರು ಸುತ್ತಲಿನ ರಾಜರೊಡನೆ ಪತ್ರ ವ್ಯವಹಾರ ನಡೆಸಲು ಒಂದು ಹುದ್ದೆಯನ್ನೇ ಇಟ್ಟಿದ್ದರು. ಆ ಹುದ್ದೆಯ ಹೆಸರು ‘ಲಿಂಗ್ವಾ’, ಅಂದರೆ ನಾಲಿಗೆ. ಸರ್ಕಾರಿ ನಾಲಿಗೆ! ಇನ್ನು ಬಬಲೇಶ್ವರದ ಹತ್ತಿರ ಕಾಖಂಡಕಿ ಇದೆಯಲ್ಲ, ಕಾರಹುಣ್ಣಿಮೆಯ ಕರಿ ನೋಡಲು ಜನ ಮುಗಿಬೀಳುವ ಊರು, ಅಲ್ಲಿಯ ಮಹಿಪತಿದಾಸರು ಆದಿಲ್‌ಶಾಹಿಯಲ್ಲಿ ಅಧಿಕಾರಿಯಾಗಿದ್ದರೆಂದು ಪ್ರತೀತಿ. ಅವರು ಕನ್ನಡದಲ್ಲೂ ಮರಾಠಿಯಲ್ಲೂ ಹಿಂದೂಸ್ತಾನಿಯಲ್ಲೂ ಹಾಡಿದರು. ಹಗಲು ದಫ್ತರದ ಭಾಷೆ, ಸಂಜೆ ಹಾಡಿನ ಭಾಷೆ ಬೇರೆ ಬೇರೆಯಾಗಿದ್ದ ಬದುಕು.

ನಮ್ಮ ಕೋರ್ಟಿನ ಕನ್ನಡವೂ ಅಲ್ಲಿಂದಲೇ ಬಂದದ್ದು. ಫಿರ್ಯಾದಿ, ವಕೀಲ, ವಕಾಲತ್ತು, ಜಾಮೀನು, ತಕರಾರು, ಕೊನೆಗೆ ತರ್ಜುಮೆ ಎಂಬ ಶಬ್ದ ಕೂಡ ಫಾರಸಿ, ಅರಬ್ಬಿಯ ದಾರಿಯಿಂದ ಬಂದವು. ಪಹಣಿಗೆ ನಾವು ಉತಾರ ಎನ್ನುತ್ತೇವೆ, ಅದು ಮರಾಠಿ. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ ಬಂತು. 1956ರವರೆಗೆ ನಾವು ಮುಂಬೈ ಸರ್ಕಾರದ ಕೆಳಗಿದ್ದೆವು. ಹಾಗಾಗಿ ಹಳೆಯ ಜಮೀನು ತಂಟೆಗಳಲ್ಲಿ ಇವತ್ತಿಗೂ ಒಮ್ಮೊಮ್ಮೆ ಮರಾಠಿಯ ಹಳೆಯ ಮೋಡಿ ಲಿಪಿಯ ಕಾಗದ ಹೊರಬೀಳುತ್ತದೆ. ಅದು ಬಂದಾಗ ಇಡೀ ಕೋರ್ಟು ಒಬ್ಬರ ಮುಖ ಒಬ್ಬರು ನೋಡುತ್ತದೆ. ಮೋಡಿ ಓದುವ ಮುದುಕರೊಬ್ಬರನ್ನು ಹುಡುಕಿ ಕರೆತರುವುದರಲ್ಲಿ ಎರಡು ತಾರೀಕು ಹೋಗುತ್ತವೆ.

ಈಗ ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಹಿಂದಿ ನನಗೆ ಚೆನ್ನಾಗಿ ಬರುತ್ತದೆ ಎಂಬ ಗರ್ವ ಇದ್ದ ಕಾಲ. ಉತ್ತರದ ಕಡೆಯ ಲಾರಿ ಚಾಲಕನೊಬ್ಬ ಅಪಘಾತದ ಕೇಸಿನಲ್ಲಿ ನಿಂತಿದ್ದ. ಆಗಿನ ಸಾಹೇಬರು, ಈ ಹಿಂದೆ ಶಿಕ್ಷೆ ಏನಾದರೂ ಆಗಿದೆಯಾ ಕೇಳು ಎಂದರು. ನಾನು ತಡಮಾಡದೆ, ‘ಪಹಲೇ ಶಿಕ್ಷಾ ಹುಯೀ ಹೈ ಕ್ಯಾ?’ ಎಂದೆ. ಅವನು ಎದೆ ಸೆಟೆಸಿ ‘ಹಾಂ ಸಾಬ್’ ಎಂದ. ನಾನು ‘ಹೌದಂತೆ ಸರ್’ ಎಂದೆ. ಬೆರಳಚ್ಚಿನ ಯಂತ್ರ ಕಟಕಟ ಎನ್ನುವ ಹೊತ್ತಿಗೆ ಅವನು ಮಾತು ಮುಂದುವರಿಸಿದ: ‘ದಸವೀ ತಕ್.’ ಹತ್ತನೆಯ ಇಯತ್ತೆವರೆಗೆ! ಕನ್ನಡಕ್ಕೂ ಮರಾಠಿಗೂ ಶಿಕ್ಷೆ ಎಂದರೆ ದಂಡನೆ, ಹಿಂದಿಯವರಿಗೆ ಶಿಕ್ಷಾ ಎಂದರೆ ಓದು. ಹತ್ತನೆಯ ಇಯತ್ತೆ ಓದಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದವನನ್ನು ನಾನು ಹಳೆಯ ಅಪರಾಧಿ ಮಾಡಲು ಹೊರಟಿದ್ದೆ. ಅವನು ಬರೀ ‘ಹಾಂ’ ಎಂದು ಸುಮ್ಮನಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೋರ್ಟೆಲ್ಲ ನಕ್ಕಿತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಹಿಂದೆ ನಾನು ಹೀಗೆ ಎಷ್ಟು ‘ಹಾಂ’ಗಳನ್ನು ಬರೆಸಿದ್ದೇನೋ!

ಬಾರದ ಭಾಷೆಯಲ್ಲಿ ಮನುಷ್ಯ ಎಚ್ಚರವಾಗಿರುತ್ತಾನೆ. ಮೋಸ ಮಾಡುವುದು ಬಂದ ಭಾಷೆ. ಅನುಮಾನ ಎಂಬ ಶಬ್ದ ನೋಡಿರಿ. ಹಿಂದಿಯವನು ‘ಮೇರಾ ಅನುಮಾನ್ ಹೈ’ ಎಂದರೆ ನನ್ನ ಅಂದಾಜು ಎಂದಷ್ಟೇ. ಅದನ್ನು ಕನ್ನಡದ ಅನುಮಾನ ಮಾಡಿದರೆ ಪಕ್ಕದ ಮನೆಯವನ ಮೇಲೆ ಸಂಶಯ ಹೊರಿಸಿದಂತೆ. ನಮ್ಮ ಜಗಳಗಳಲ್ಲಿ ದಿನಾ ಕೇಳುವ ಮಾತು, ‘ನಿನ್ನ ನೋಡ್ಕೋತೀನಿ.’ ಮಗ ತಾಯಿಗೆ ಹೇಳಿದರೆ ಅನ್ನ ಹಾಕಿ ಸಾಕುತ್ತೇನೆ ಎಂದರ್ಥ, ದಾಯಾದಿ ದಾಯಾದಿಗೆ ಹೇಳಿದರೆ ಜೀವಬೆದರಿಕೆ. ಇದು ಇಂಗ್ಲಿಷಿಗೆ ಹೋಗಿ ಕಲಬುರಗಿ ಹೈಕೋರ್ಟ್ ಪೀಠದ ಮುಂದೆ ಕಾಗದವಾಗಿ ಬೀಳುವ ಹೊತ್ತಿಗೆ ಯಾವ ಅರ್ಥ ಉಳಿದಿರುತ್ತದೆ ಎಂಬುದು ಅನುವಾದಿಸಿದವನ ಕೈಯಲ್ಲಿ. ಭಾವ, ಮೈದುನ ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಶಬ್ದ. ವರದಕ್ಷಿಣೆ ಕೇಸಿನಲ್ಲಿ ಎರಡನೇ ಆರೋಪಿ ಭಾವ, ಮೂರನೇ ಆರೋಪಿ ಮೈದುನ ಆಗಿದ್ದರೆ ಹೊಡೆದವರು ಯಾರು, ಬಿಡಿಸಿದವರು ಯಾರು?

ಕನ್ನಡದಿಂದ ಕನ್ನಡಕ್ಕೂ ದುಭಾಷಿ ಬೇಕು ಎಂದರೆ ನಗಬೇಡಿ. ನಮ್ಮ ಕಡೆ ಕತ್ತೆಗೆ ಕತ್ತಿ ಎನ್ನುತ್ತೇವೆ. ಕೋರ್ಟಿನ ಅಂಗಳದಲ್ಲಿ ಚಹಾ ಕುಡಿಯುವಾಗ ಹಿರಿಯ ವಕೀಲರು ಒಂದು ಕತೆ ಹೇಳುತ್ತಿದ್ದರು. ಬಬಲೇಶ್ವರ ಕಡೆಯ ಸಾಕ್ಷಿಯೊಬ್ಬ, ‘ಅಂವಾ ಕತ್ತಿ ಹೊಡಕೊಂಡ ಹೊಂಟಿದ್ದರೀ’ ಎಂದನಂತೆ. ಕತ್ತೆ ಅಟ್ಟಿಕೊಂಡು ಹೊರಟಿದ್ದ ಎಂದು ಅವನ ಮಾತು. ಕರಾವಳಿಯ ಸಾಹೇಬರು ಗಾಬರಿಯಾಗಿ, ಕತ್ತಿಯಿಂದ ತನಗೆ ತಾನೇ ಹೊಡೆದುಕೊಂಡನೇ, ಗಾಯದ ಸರ್ಟಿಫಿಕೇಟ್ ಎಲ್ಲಿ ಎಂದು ಕೇಳಿದರಂತೆ. ಕತೆ ನಿಜವೋ ಸುಳ್ಳೋ, ಶಬ್ದ ಮಾತ್ರ ನಿಜ.

ಇದರಲ್ಲಿ ನಗಲಾರದ ಸಂಗತಿಯೊಂದಿದೆ. ಪೊಲೀಸ್ ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಸಾಕ್ಷಿ ತನ್ನ ಭಾಷೆಯಲ್ಲಿ ಹೇಳುತ್ತಾನೆ, ಪಕ್ಕದಲ್ಲಿದ್ದ ಯಾರೋ ಅದನ್ನು ಕನ್ನಡ ಮಾಡುತ್ತಾರೆ. ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ಬೇರೆ ಯಾರೋ ಬೇರೆ ರೀತಿಯಲ್ಲಿ ಕನ್ನಡ ಮಾಡುತ್ತಾರೆ. ವಕೀಲರು ಎರಡೂ ಕಾಗದ ಎತ್ತಿ ಹಿಡಿದು, ಅಂದು ಹಾಗೆ ಹೇಳಿದ್ದೆ, ಇಂದು ಹೀಗೆ ಹೇಳುತ್ತೀ, ಸುಳ್ಳು ಹೇಳುತ್ತಿದ್ದೀ ಎನ್ನುತ್ತಾರೆ. ಸಾಕ್ಷಿ ಎರಡು ಸಲವೂ ಒಂದೇ ಮಾತು ಹೇಳಿರಬಹುದು. ದುಭಾಷಿಗಳು ಮಾಡಿದ ತಪ್ಪಿಗೆ ಸಾಕ್ಷಿ ಸುಳ್ಳುಗಾರನಾಗುತ್ತಾನೆ. ಆ ದುಭಾಷಿಗಳ ಹೆಸರು ಎಷ್ಟೋ ಸಲ ಯಾವ ಕಾಗದದಲ್ಲೂ ಇರುವುದಿಲ್ಲ.

2023ರ ಡಿಸೆಂಬರಿನಲ್ಲಿ ನಮ್ಮ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ರಾಶಿಯ ಕೆಳಗೆ ಸಿಕ್ಕು ಬಿಹಾರದ ಏಳು ಕಾರ್ಮಿಕರು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅಂಥ ದುರಂತದಲ್ಲಿ ಕಣ್ಣಾರೆ ಕಂಡವರು ಜೊತೆಗೆ ದುಡಿಯುತ್ತಿದ್ದವರೇ. ಅವರ ಮನೆಮಾತು ಹಿಂದಿಯೂ ಅಲ್ಲ. ಮೈಥಿಲಿಯೋ ಭೋಜಪುರಿಯೋ ಮಾತಾಡುವವರ ದುಃಖ ಅವರ ಶಾಲೆಯ ಹಿಂದಿಗೆ ಬಂದು, ಅಲ್ಲಿಂದ ನಮ್ಮ ಮುರುಕು ಹಿಂದಿಗೆ ಬಂದು, ಅಲ್ಲಿಂದ ಕನ್ನಡಕ್ಕೆ ಬರಬೇಕು. ಇದರ ಇನ್ನೊಂದು ಮುಖವೂ ಇದೆ. ನಮ್ಮ ಜಿಲ್ಲೆಯವರು ದುಡಿಯಲು ಗೋವಾಕ್ಕೆ, ಪುಣೆಗೆ ಹೋಗುತ್ತಾರೆ. ಅಲ್ಲಿಯ ಕೋರ್ಟಿನಲ್ಲಿ ನಮ್ಮವರೇ ಪರಭಾಷಿಕರು. ಅಷ್ಟು ದೂರ ಏಕೆ, ತಿಕೋಟಾದಿಂದ ಗಡಿ ದಾಟಿ ಜತ್ತಕ್ಕೆ ಹೋದರೆ ಸಾಕು. ಅಲ್ಲಿ ಹಳ್ಳಿಗಳಲ್ಲಿ ಕನ್ನಡ, ಕೋರ್ಟಿನಲ್ಲಿ ಮರಾಠಿ.

ಹಾಗಾದರೆ ದುಭಾಷಿಯಾಗಬೇಕು ಎಂದುಕೊಂಡ ನಮ್ಮ ಹುಡುಗ ಹುಡುಗಿಯರು ಏನು ಮಾಡಬೇಕು? ನನಗೆ ತಿಳಿದ ಅತ್ಯಂತ ಹತ್ತಿರದ ಬಾಗಿಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಲ್ಲಿ ಮಗುವಿನ ಹೇಳಿಕೆ ಪಡೆಯುವಾಗ, ಸಾಕ್ಷ್ಯ ಬರೆದುಕೊಳ್ಳುವಾಗ ದುಭಾಷಿಯ ನೆರವು ಪಡೆಯಲು, ಅದಕ್ಕೆ ಶುಲ್ಕ ಕೊಡಲು ಅವಕಾಶವಿದೆ. 2020ರ ನಿಯಮಗಳ ಪ್ರಕಾರ ಈ ಘಟಕ ದುಭಾಷಿಗಳ, ಭಾಷಾಂತರಕಾರರ, ವಿಶೇಷ ಶಿಕ್ಷಕರ ಪಟ್ಟಿ ಇಟ್ಟಿರಬೇಕು. ಅರ್ಹತೆ ಏನು ಗೊತ್ತೇ? ಮಗುವಿನ ಭಾಷೆಯೂ ರಾಜ್ಯದ ಅಧಿಕೃತ ಭಾಷೆಯೂ ಕೆಲಸಕ್ಕಾಗುವಷ್ಟು ಬರಬೇಕು. ಅದು ಮನೆಮಾತಾಗಿರಬಹುದು, ಪ್ರಾಥಮಿಕ ಶಾಲೆಯವರೆಗಾದರೂ ಕಲಿತ ಮಾಧ್ಯಮವಾಗಿರಬಹುದು, ಇಲ್ಲವೇ ಉದ್ಯೋಗದಿಂದಲೋ ಆ ಭಾಷೆ ಆಡುವ ಸೀಮೆಯಲ್ಲಿ ವಾಸ ಮಾಡಿದ್ದರಿಂದಲೋ ಬಂದದ್ದಾಗಿರಬಹುದು. ಈ ಕೊನೆಯ ಸಾಲು ಬರೆದವರಿಗೆ ನಾನು ಕೈ ಮುಗಿಯುತ್ತೇನೆ. ಬಾಳುವೆ ಮಾಡಿ ಕಲಿತ ಭಾಷೆಗೆ ನಮ್ಮ ಕಾನೂನು ಬೆಲೆ ಕೊಟ್ಟದ್ದನ್ನು ನಾನು ಕಂಡದ್ದು ಅಲ್ಲಿ. ತಾಂಡಾದಿಂದ ಓದಿ ಬಂದ ಪದವೀಧರ ಹುಡುಗಿಗೆ ಇದಕ್ಕಿಂತ ಬೇರೆ ಸರ್ಟಿಫಿಕೇಟ್ ಬೇಕಿಲ್ಲ. ಜೊತೆಗೆ ನಿಯಮ ಎಚ್ಚರಿಕೆಯನ್ನೂ ಕೊಡುತ್ತದೆ. ಎರಡೂ ಕಡೆಯವರಲ್ಲಿ ಯಾರಾದರೂ ನೆಂಟರೋ ಪರಿಚಯದವರೋ ಇದ್ದರೆ ಮೊದಲೇ ಹೇಳಬೇಕು. ಸೇರಿಸಬಾರದು, ಬಿಡಬಾರದು. ಕೇಳಿದ್ದನ್ನು ಹೊರಗೆ ಆಡಬಾರದು.

ಫ್ರೆಂಚು, ಜರ್ಮನ್, ಜಪಾನಿ ಕಲಿಯುವವರಿಗೆ ಆಯಾ ದೇಶಗಳ ಸಂಸ್ಥೆಗಳ ಹಂತ ಹಂತದ ಪರೀಕ್ಷೆಗಳಿವೆ. ಯುರೋಪಿನ ಭಾಷೆಗಳಲ್ಲಿ ಎಲ್ಲಕ್ಕಿಂತ ಮೇಲಿನ ಸಿ ಹಂತ ಮುಟ್ಟದೆ ಕೋರ್ಟಿನ ಕಡೆ ಮುಖ ಮಾಡಬೇಡಿ ಎಂಬುದು ನನ್ನ ಸಲಹೆ. ಬಿ ಹಂತದಲ್ಲಿ ಹೋಟೆಲಿನಲ್ಲಿ ಊಟ ತರಿಸಬಹುದು, ಒಬ್ಬನ ಜಾಮೀನು ತರಿಸಲು ಆಗುವುದಿಲ್ಲ. ಕಾಗದಪತ್ರಗಳ ಅನುವಾದವೆಂದರೆ 1952ರ ನೋಟರಿ ಕಾಯ್ದೆ ನೋಟರಿಗಳಿಗೆ ಅನುವಾದಿಸುವ, ಅನುವಾದ ಸರಿಯಿದೆ ಎಂದು ದೃಢೀಕರಿಸುವ ಅಧಿಕಾರ ಕೊಟ್ಟಿದೆ. ಅವರಿಗೆ ನೆರವಾಗಿಯೂ ಕೆಲಸ ಕಲಿಯಬಹುದು. ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪುಗಳ ಅನುವಾದಕ್ಕೆ ಸುವಾಸ್ ಎಂಬ ತಂತ್ರಾಂಶವನ್ನೂ ತಂದಿದೆ. ಅದು ಕಾಗದದ ಕೆಲಸಕ್ಕೆ. ರೊಟ್ಟಿ ಬಡಿಯುವ ಅಂಗೈಯನ್ನು ಅದು ನೋಡುವುದಿಲ್ಲ. ಇದೊಂದೇ ಕೆಲಸದಿಂದ ನಮ್ಮ ಊರಲ್ಲಿ ಸಂಸಾರ ಸಾಗುತ್ತದೆ ಎಂದು ನಾನು ಹೇಳಲಾರೆ, ಸಾಗುವುದಿಲ್ಲ. ಮಾಸ್ತರಿಕೆ, ವಕೀಲಿ, ಪ್ರವಾಸಿ ಮಾರ್ಗದರ್ಶಿಯ ಕೆಲಸ ಇಂಥದರ ಜೊತೆಗೆ ಇಟ್ಟುಕೊಳ್ಳುವ ಕಸುಬು ಇದು. ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಅಲ್ಲಿ ಆರು ತಿಂಗಳ ದುಭಾಷಿ ತರಬೇತಿಯೊಂದನ್ನು ಶುರುಮಾಡಿ, ಲಂಬಾಣಿ, ಮರಾಠಿ, ದಖ್ಖನಿ ಬಲ್ಲ ಹೆಣ್ಣುಮಕ್ಕಳನ್ನು ತಯಾರು ಮಾಡಿದರೆ ಜಿಲ್ಲೆಯ ಕೋರ್ಟುಗಳು ಬಾಗಿಲಲ್ಲಿ ನಿಂತವರನ್ನು ಕರೆಯುವುದು ತಪ್ಪುತ್ತದೆ. ಹೆಣ್ಣುಮಕ್ಕಳನ್ನು ಎಂದು ಬೇಕೆಂದೇ ಹೇಳಿದೆ. ತನಗಾದ ಅನ್ಯಾಯವನ್ನು ಹೆಣ್ಣುಮಗಳು ಪರಗಂಡಸಿನ ಬಾಯಿಂದ ಹೇಳಿಸಬೇಕಾದಾಗ ಅರ್ಧ ಮಾತು ಗಂಟಲಲ್ಲೇ ಉಳಿಯುವುದನ್ನು ನಾನು ಕಂಡಿದ್ದೇನೆ.

ಕಸುಬಿನ ಒಳಗುಟ್ಟು ಒಂದೆರಡು ಹೇಳಿಬಿಡುತ್ತೇನೆ. ಸಾಕ್ಷಿ ‘ನಾನು ನೋಡಿದೆ’ ಎಂದರೆ ದುಭಾಷಿಯೂ ‘ನಾನು ನೋಡಿದೆ’ ಎನ್ನಬೇಕು. ‘ನೋಡಿದಳಂತ್ರೀ’ ಎಂದರೆ ಸಾಕ್ಷಿಯ ಮಾತು ಚಾಡಿಯ ಮಾತಾಗುತ್ತದೆ. ಮೊದಮೊದಲು ನಾಚಿಕೆಯಾಗುತ್ತದೆ. ಮೀಸೆ ಹೊತ್ತ ಆ ಮಾಸ್ತರರು ಕಟಕಟೆಯ ಪಕ್ಕ ನಿಂತು ‘ನಾನು ರೊಟ್ಟಿ ಬಡೀತಿದ್ದೆ’ ಎಂದಾಗ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದ ಸದ್ದು ಕೇಳಿತು. ಅವರು ಗಂಭೀರವಾಗಿಯೇ ಮುಂದುವರಿದರು. ಬೈಗುಳ ಬಂದರೆ ಬೈಗುಳವನ್ನೇ ಹೇಳಬೇಕು. ‘ಕೆಟ್ಟ ಮಾತು ಬೈದರಂತ್ರೀ’ ಎಂದು ಮುಚ್ಚಿಡಬಾರದು. ಜಾತಿ ಎತ್ತಿ ಬೈದ ದೌರ್ಜನ್ಯದ ಕೇಸಿನಲ್ಲಿ ಇಡೀ ಪ್ರಕರಣ ನಿಂತಿರುವುದೇ ಆ ಒಂದು ಶಬ್ದದ ಮೇಲೆ. ‘ಹೂಂ’ ಎಂದದ್ದು ಹೌದು ಎಂದಲ್ಲ, ಕೇಳಿಸಿಕೊಂಡೆ ಎಂದೂ ಆಗಬಹುದು. ತಿಳಿಯದಿದ್ದರೆ ತಿಳಿಯಲಿಲ್ಲ, ಮತ್ತೆ ಕೇಳಲು ಅಪ್ಪಣೆ ಬೇಕು ಎಂದು ಸಾಹೇಬರಿಗೆ ಹೇಳಬೇಕು. ಎಲ್ಲಕ್ಕಿಂತ ಕಷ್ಟದ್ದು ಸಹಾಯ ಮಾಡದಿರುವುದು. ನಮ್ಮವರೆಲ್ಲ ಒಳ್ಳೆಯ ಮನಸ್ಸಿನವರು, ಸಾಕ್ಷಿ ತಡವರಿಸಿದರೆ ಮಾತು ಜೋಡಿಸಿಕೊಡಲು ಬಾಯಿ ತುರಿಸುತ್ತದೆ. ತಡವರಿಸಿದರೆ ದುಭಾಷಿಯೂ ಹಾಗೇ ತಡವರಿಸಬೇಕು.

ಇದಕ್ಕೆ ಅಭ್ಯಾಸ ಬೇಕು. ಅಭ್ಯಾಸಕ್ಕೆ ಫೀ ಇಲ್ಲದ ಶಾಲೆ ನಿಮ್ಮ ಕೈಯಲ್ಲೇ ಇದೆ, ಈ ರೇಡಿಯೊ. ನಿವೃತ್ತನಾದ ಮೇಲೂ ನಾನು ದಿನಾ ಮಾಡುತ್ತೇನೆ, ಮನೆಯವರು ನಗುತ್ತಾರೆ. ವಾರ್ತೆ ಓದುವವರು ಒಂದು ತುಣುಕು ಓದಿ ಮುಂದಿನ ತುಣುಕಿಗೆ ಹೋಗುವಾಗ, ಹಿಂದಿನ ತುಣುಕನ್ನು ಅದೇ ಕನ್ನಡದಲ್ಲಿ ಸಣ್ಣ ದನಿಯಲ್ಲಿ ಹೇಳುತ್ತ ಹೋಗುವುದು. ಕಿವಿ ಮುಂದೆ ಓಡುತ್ತಿರಬೇಕು, ಬಾಯಿ ಹಿಂದೆ ಬರುತ್ತಿರಬೇಕು. ವಾರ ಹದಿನೈದು ದಿನ ಹೀಗೆ ಮಾಡಿ, ಆಮೇಲೆ ಮರಾಠಿಯಲ್ಲೋ ದಖ್ಖನಿಯಲ್ಲೋ ಲಂಬಾಣಿಯಲ್ಲೋ ಹೇಳಲು ನೋಡಿ. ಮೊದಲು ಕೈತಪ್ಪುವುದು ಅಂಕಿಸಂಖ್ಯೆ, ಆಮೇಲೆ ಊರಿನ ಹೆಸರು. ಅದಕ್ಕೆ ಎಡಗೈಯಲ್ಲಿ ಒಂದು ಚೀಟಿ, ಬಲಗೈಯಲ್ಲಿ ಪೆನ್ಸಿಲ್ ಇರಲಿ, ಅಂಕಿ ಮತ್ತು ಹೆಸರು ಮಾತ್ರ ಗೀಚಿಕೊಳ್ಳಿ.

ನನ್ನ ಸಮಯ ಮುಗಿಯಿತೆಂದು ಗಾಜಿನ ಆಚೆಯಿಂದ ಕೈ ಮಾಡುತ್ತಿದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ಪ್ರದೇಶ ಸಮಾಚಾರ ಬರುತ್ತದೆ. ಒಲೆಯ ಮುಂದಿರುವವರು ಉರಿ ಸಣ್ಣ ಮಾಡಿಕೊಳ್ಳಿ, ಪೆನ್ಸಿಲ್ ಹುಡುಕಿಕೊಳ್ಳಿ, ರೇಡಿಯೊ ಆರಿಸಬೇಡಿ.